ಉಪ್ಸಾಲಾಕ್ಕೆ ಒಯ್ದ ಕೇಸರಿಬಾತು

ನವೆಂಬರಿನ ಆ ಶನಿವಾರ ನಾನು ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆಯನ್ನೇ ಉಡಬೇಕೆಂದು ಕಾಂಚನಾ ಹಟ ಹಿಡಿದಳು.

“ಈ ಚಳೀಲಿ ಬಸ್ಸಲ್ಲಿ ಕೂರೋದಕ್ಕೆ ರೇಷ್ಮೆ ಯಾಕಮ್ಮ? ಮೇಲೆ ಹೇಗೂ ಕೋಟಿರುತ್ತೆ. ಯಾರಿಗೆ ಕಾಣುತ್ತೆ?” ಎಂದೆ.

“ಕೋಟ್ ತೆಗೆದಾಗ ಕಾಣುತ್ತಲ್ಲ ದೊಡ್ಡಮ್ಮ. ಯಾವಾಗ್ ನೋಡಿದ್ರೂ ಆ ಬೂದಿ ಸ್ವೆಟರ್ ಹಾಕ್ಕೊಂಡಿರ್ತೀರ. ಒಂದ್ ದಿನ ನೀಟಾಗಿ ರೆಡಿಯಾಗಿ, ಪ್ಲೀಸ್.”

ನನಗೆ ಒಳಗೊಳಗೇ ಸಂತೋಷವಾಯಿತು. ನಾವು ಚೆನ್ನಾಗಿ ಕಾಣಬೇಕೆನ್ನುವವರು ಇದ್ದಾರಲ್ಲ ಎಂದು ಈ ವಯಸ್ಸಿನಲ್ಲಿ ಅನ್ನಿಸುವುದೇ ಒಂದು ಭಾಗ್ಯ. ಉಟ್ಟೆ.

ಕಾಂಚನಾ ನನ್ನ ತಂಗಿಯ ಮಗಳು. ನನಗೆ ಮಕ್ಕಳಿಲ್ಲ. ನನ್ನ ಗಂಡ ವೆಂಕಟರಮಣ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ಅಲ್ಲಿಂದ ಸ್ಯಾಂಡ್‌ವಿಕೆನ್ನಿನ ಉಕ್ಕಿನ ಕೆಲಸಕ್ಕೆ ಬಂದರು. ಒಂದು ಕುಲುಮೆಯ ಎದುರಿನಿಂದ ಎದ್ದು ಇನ್ನೊಂದು ಕುಲುಮೆಯ ಎದುರು ನಿಂತ ಹಾಗೆ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಹೆಂಗಸರ ರಾತ್ರಿಶಾಲೆಗೆ ಹೋಗಿ ನಾನು ಕನ್ನಡದ ಅಕ್ಷರ ಕಲಿತೆ. ಸ್ಯಾಂಡ್‌ವಿಕೆನ್ನಿನಲ್ಲಿ ಮತ್ತೆ ಸಂಜೆಯ ತರಗತಿಗೆ ಹೋಗಿ ಸ್ವೀಡಿಷ್ ಕಲಿತೆ. ಅಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಗುನ್ವೋರ್. ಅವಳು ಇದೇ ದೇಶದವಳಾದರೂ ಚಿಕ್ಕಂದಿನಲ್ಲಿ ಹಸು ಮೇಯಿಸಲು ಶಾಲೆ ಬಿಟ್ಟವಳು. ಗಣಿತದಲ್ಲಿ ಇಬ್ಬರದೂ ಒಂದೇ ಗತಿ, ಹಾಗಾಗಿ ಗೆಳೆತನ ಗಟ್ಟಿಯಾಯಿತು.

ವೆಂಕಟರಮಣ ಹೋದ ಮೇಲೂ ನಾನು ಆ ಊರಿನ ಬಾಡಿಗೆ ಮನೆಯಲ್ಲೇ ಇದ್ದೆ. ಅಡುಗೆಮನೆಯ ಕಿಟಕಿಯಿಂದ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಅಷ್ಟರಲ್ಲಿ ಕಾಂಚನಾ ಓರೆಬ್ರೂವಿನ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಬಂದಳು. ಅವಳ ಗಂಡ ಬಸವರಾಜ ಅಲ್ಲಿಯ ವಿಶ್ವವಿದ್ಯಾಲಯ ಸೇರಿದ. ಇರಾ ಹುಟ್ಟಿದಾಗ ಕಾಂಚನಾ ಸ್ಯಾಂಡ್‌ವಿಕೆನ್ನಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. “ದೊಡ್ಡಮ್ಮ, ನೀವು ಬಂದ್ರೆ ಮಾತ್ರ ನನ್ ಕೈಲಾಗೋದು. ಇನ್ಮೇಲೆ ಅದೇ ನಿಮ್ಮನೆ.” ನಾನು ಮನೆ ಬಿಟ್ಟುಕೊಟ್ಟೆ. ಈ ದೇಶದಲ್ಲಿ ಬಾಡಿಗೆ ಮನೆ ಬಿಟ್ಟರೆ ಮತ್ತೆ ಸಿಗಬೇಕಾದರೆ ವರ್ಷಾನುಗಟ್ಟಲೆ ಸರದಿಯಲ್ಲಿ ಕಾಯಬೇಕು. “ಪೂರ್ತಿ ಬಿಡಬೇಡ ವೇದಾ, ಸ್ವಲ್ಪ ದಿನ ನೋಡು,” ಎಂದು ಗುನ್ವೋರ್ ಹೇಳಿದ್ದಳು. ಮಕ್ಕಳ ಮನೆ ಇದ್ದ ಮೇಲೆ ಇದು ಯಾಕೆ ಎಂದಿದ್ದೆ ನಾನು.

ಇರಾಳಿಗೆ ಈಗ ಎಂಟು. ಶಾಲೆಯಿಂದ ಒಬ್ಬಳೇ ಬರುತ್ತಾಳೆ, ಕೊರಳಲ್ಲಿ ಬೀಗದ ಕೈ. ನಾನೂ ಅವಳೂ ಮಲಗುವುದು ಒಂದೇ ಕೋಣೆಯಲ್ಲಿ. ಹೊರಡುವ ಹಿಂದಿನ ವಾರ ಅವಳು ಅಳತೆಯ ಟೇಪು ತಂದು ನನ್ನ ಮಂಚ ಇರುವ ಜಾಗವನ್ನು ಅಳೆದಳು. ಶಾಲೆಯ ಪಾಠವಿರಬೇಕು ಎಂದುಕೊಂಡೆ. ಟೇಪಿನ ಇನ್ನೊಂದು ತುದಿ ಹಿಡಿದವಳು ನಾನೇ.

ಓರೆಬ್ರೂವಿನ ಕನ್ನಡದವರು ರಾಜ್ಯೋತ್ಸವದ ನೆಪದಲ್ಲಿ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಎಲ್ಲಿಗಾದರೂ ಹೋಗುವುದು ರೂಢಿ. ಆ ವರ್ಷ ಉಪ್ಸಾಲಾ. ಹಳೆಯ ಊರು, ದೊಡ್ಡ ಕೆಥೆಡ್ರಲ್, ರಾಜರ ಗೋರಿಗಳು. ನನ್ನನ್ನು ಅಂಥ ಪ್ರವಾಸಕ್ಕೆ ಕಾಂಚನಾ ಕರೆದದ್ದು ಅದೇ ಮೊದಲು. ಹಿಂದಿನ ವರ್ಷಗಳಲ್ಲಿ ಇರಾಳಿಗೆ ಜ್ವರವೋ ಕೆಮ್ಮೋ ಇದ್ದೇ ಇರುತ್ತಿತ್ತು. ನಾನು ಮನೆಯಲ್ಲಿ ಉಳಿಯುತ್ತಿದ್ದೆ.

“ಉಪ್ಪಿಟ್ಟು, ಕೇಸರಿಬಾತು ಮಾಡ್ಬಿಡಿ ದೊಡ್ಡಮ್ಮ. ಅಲ್ಲಿ ಸಂಹಿತಾ ಅಂತ ನಮ್ ಫ್ರೆಂಡ್ ಇದ್ದಾಳೆ. ಅವಳ ಮನೆಗೂ ಹೋಗಿ ಬರೋಣ. ಬಾಣಂತಿ, ಪಾಪ, ಊರ ರುಚಿ ಅಂದ್ರೆ ಸಾಯ್ತಾಳೆ.”

ಮಾಡಿದೆ. ಭದ್ರಾವತಿಯಿಂದ ತಂದ ನನ್ನ ಸ್ಟೀಲ್ ಡಬ್ಬಿಯಲ್ಲಿ ಕೇಸರಿಬಾತನ್ನು ತುಂಬಿ, ಮೇಲೆ ದ್ರಾಕ್ಷಿ ಗೋಡಂಬಿ ಇಟ್ಟು, ಟವೆಲು ಸುತ್ತಿದೆ.

ಬೆಳಕು ಹರಿಯುವ ಮೊದಲೇ ಬಸ್ಸು ಹೊರಟಿತು. ಗಾಜಿನ ಮೇಲೆಲ್ಲ ಮಂಜಿನ ಪೊರೆ. ಪ್ರವಾಸದ ಉಸ್ತುವಾರಿ ಶೇಷಾದ್ರಿಯವರದು. ಅವರ ಕೈಗೆ ಮೈಕು ಸಿಕ್ಕರೆ ಬಿಡುವವರಲ್ಲ.

“ವೇದಮ್ಮನೋರೇ, ಡಬ್ಬಿ ಮುಚ್ಚಳ ಬಿಗಿಯಾಗಿ ಹಿಡ್ಕೊಳ್ಳಿ. ಏಲಕ್ಕಿ ವಾಸನೆ ಮುಂದಕ್ ಹೋದ್ರೆ ಡ್ರೈವರು ಬೆಂಗಳೂರು ರೋಡ್ ಹಿಡೀತಾನೆ.”

ಎಲ್ಲರೂ ನಕ್ಕರು. ಎಲ್ಲರಿಗೂ ಒಂದೊಂದು ಚಮಚ ಹಂಚೋಣವೆಂದು ಡಬ್ಬಿಗೆ ಕೈ ಹಾಕಿದೆ. ಕಾಂಚನಾ ಮುಂದಿನ ಸೀಟಿನಿಂದ ತಿರುಗಿದಳು. “ಅದನ್ನ ಓಪನ್ ಮಾಡ್ಬೇಡಿ. ಅವರ ಮುಂದೇನೇ ತೆಗೆಯೋಣ.”

ಇರಾ ನನ್ನ ಪಕ್ಕ ಕೂರಲಿಲ್ಲ. ಬಸ್ಸಿರಲಿ, ರೈಲಿರಲಿ, ಕಿಟಕಿಯ ಸೀಟು ಅವಳಿಗೆ, ಅದರ ಪಕ್ಕದ್ದು ನನಗೆ ಎಂಬುದು ನಮ್ಮ ಕಟ್ಟಳೆ. ಅವತ್ತು ಅಮ್ಮನ ಪಕ್ಕ ಕೂತು ಫೋನು ನೋಡುತ್ತಿದ್ದಳು. ಸೇಬು ಬೇಕಾ ಎಂದರೆ ತಿರುಗದೆಯೇ ಸ್ವೀಡಿಷಿನಲ್ಲಿ ಬೇಡ ಎಂದಳು. ದೊಡ್ಡವಳಾಗುತ್ತಿದ್ದಾಳೆ, ಇರಲಿ ಎಂದುಕೊಂಡೆ. ವೆಸ್ಟೆರೋಸ್ ದಾಟುವಾಗ ಬೆಳಕಾಯಿತು. ಹೊಲಗಳೆಲ್ಲ ಉತ್ತು ಕಪ್ಪಗೆ ಬಿದ್ದಿದ್ದವು, ಅಂಚಿಗೆ ಮಾತ್ರ ಬಿಳಿ ಹಿಮ.

ಉಪ್ಸಾಲಾದ ಕೆಥೆಡ್ರಲ್ ದೂರದಿಂದಲೇ ಕಾಣುತ್ತದೆ. ಕೆಂಪು ಇಟ್ಟಿಗೆಯ ಮೈ, ಎರಡು ಚೂಪು ಗೋಪುರ. ಸ್ಟೇಷನ್ನಿನ ಬಳಿ ಇಳಿದು, ನದಿಯ ಮೇಲಿನ ಸೇತುವೆ ದಾಟಿ ನಡೆಯುವಷ್ಟರಲ್ಲಿ ಗಾಳಿ ಮೂಗು ಕಿವಿಗಳನ್ನು ಮರಗಟ್ಟಿಸಿತು. ಒಳಗೆ ಗಾಳಿ ಇರಲಿಲ್ಲ, ಆದರೆ ನೆಲದ ಕಲ್ಲಿನಿಂದ ತಣ್ಣಗೆ ಏರುವ ಚಳಿ ಬೂಟಿನ ಅಟ್ಟೆ ದಾಟಿ ಮೇಲೆ ಬರುತ್ತಿತ್ತು.

ಸಂಹಿತಾಳ ಗಂಡ ನಿಖಿಲ್ ಮತ್ತು ಅವನ ತಂದೆ ಕೃಷ್ಣಮೂರ್ತಿ ಬಾಗಿಲ ಬಳಿ ಕಾದಿದ್ದರು. ನಿಖಿಲ್ ಅಲ್ಲಿ ಸಂಶೋಧನೆ ಮಾಡುವ ಹುಡುಗ; ತಂದೆ ಮೈಸೂರಿನಿಂದ ಮೊಮ್ಮಗನನ್ನು ನೋಡಲು ಬಂದವರು, ತಲೆಗೆ ಮಂಕಿ ಕ್ಯಾಪು, ಅದರ ಮೇಲೆ ಇನ್ನೊಂದು ಉಲ್ಲನ್ ಟೋಪಿ.

“ಓ, ಇವರೇನೋ ದೊಡ್ಡಮ್ಮ? ಬನ್ನಿ ಅಮ್ಮಾವ್ರೇ. ನಿಮ್ಮ ವಿಷಯ ಬಹಳ ಕೇಳಿದೀವಿ,” ಎಂದರು ಅವರು. ನನ್ನ ವಿಷಯ ಕೇಳುವಂಥದ್ದು ಏನಿದೆ ಎಂದು ನನಗೆ ನಾಚಿಕೆಯಾಯಿತು.

ರಾಜನ ಗೋರಿಯ ಕಡೆಗೆ ಹೋಗುವಾಗ ಒಬ್ಬ ಹೆಂಗಸು ನನಗೆ ಅಡ್ಡ ನಿಂತಿದ್ದಳು. ನೀಲಿ ಕೋಟು, ತಲೆಗೆ ವಸ್ತ್ರ, ನನ್ನಂತೆಯೇ ಯಾರ ಮನೆಯಿಂದಲೋ ಸಂತೆಗೆ ಹೊರಟವಳ ಹಾಗೆ. ನಾನು ಸ್ವೀಡಿಷಿನಲ್ಲಿ ಕ್ಷಮಿಸಿ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವಳು ಅಲುಗಲಿಲ್ಲ. ಇರಾ ಆ ದಿನ ಮೊದಲ ಸಲ ನಕ್ಕಳು. “ದೊಡ್ಡಜ್ಜಿ, ಅವಳು ನಿಜವಾದವಳಲ್ಲ.” ಅದು ಮಾತೆ ಮೇರಿಯ ಬೊಂಬೆಯಂತೆ. ಜನ ಅವಳ ಸುತ್ತ ತಿರುಗಿ, ಮೂಗಿನ ತುದಿವರೆಗೆ ಮುಖ ತಂದು, ಕೈಯ ನರ, ಕಣ್ಣಿನ ಸುಕ್ಕು ಎಲ್ಲವನ್ನೂ ಪರೀಕ್ಷಿಸುತ್ತಿದ್ದರು.

“ಕಣ್ಣು ಹೇಗಿದೆ ಅಮ್ಮಾವ್ರೇ? ಪೊರೆ ಆಪರೇಷನ್ ಆಗಿದೆಯೋ?” ಎಂದು ಕೃಷ್ಣಮೂರ್ತಿ ನಗುತ್ತ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಾಂಚನಾ ಉತ್ತರಿಸಿದಳು. “ಕಣ್ಣು ಫಸ್ಟ್ ಕ್ಲಾಸ್ ಅಂಕಲ್. ಸೂಜಿಗೆ ದಾರ ಈಗ್ಲೂ ಅವರೇ ಪೋಣಿಸ್ತಾರೆ.”

ನಿಜವೇ. ಆದರೆ ಅದನ್ನು ಅವಳು ಗಮನಿಸಿದ್ದಳೆಂದು ನನಗೆ ಗೊತ್ತಿರಲಿಲ್ಲ. ಮತ್ತೆ ಖುಷಿಯಾಯಿತು. ಎಂಥ ಪೆದ್ದಿ ನಾನು.

ಊಟದ ಹೊತ್ತಿಗೆ ಉಳಿದವರೆಲ್ಲ ಹೋಟೆಲಿನ ಕಡೆ ನಡೆದರು. ನಾವು ನಾಲ್ವರು ನಿಖಿಲನ ಮನೆಗೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎಲ್ಲರೂ ನನ್ನನ್ನು ಮುಂದೆ ಬಿಟ್ಟು ಹಿಂದೆ ಬಂದರು. ಮರ್ಯಾದೆ ಎಂದುಕೊಂಡು ಸೆರಗು ಬಿಗಿಮಾಡಿ ಹತ್ತಿದೆ. ಮೇಲೆ ಬಾಗಿಲಲ್ಲಿ ನಿಂತಿದ್ದ ಸಂಹಿತಾಳಿಗೆ ಕೃಷ್ಣಮೂರ್ತಿ ಏದುಸಿರಿನಲ್ಲಿ ಹೇಳಿದರು, “ನೋಡಮ್ಮ, ನನಗೇ ದಮ್ಮು ಹತ್ತಿತು. ಇವರು ಸಲೀಸಾಗಿ ಬಂದ್ಬಿಟ್ರು.”

ಸಂಹಿತಾ ತೆಳ್ಳಗಿನ, ನಿದ್ದೆಗೆಟ್ಟ ಕಣ್ಣಿನ ಹುಡುಗಿ. “ಬನ್ನಿ ಆಂಟಿ, ಕೋಟ್ ಕೊಡಿ,” ಎಂದು ತೆಗೆದುಕೊಂಡಳು. ಸೀರೆ ಕಂಡಿತು. “ಎಷ್ಟ್ ಚೆನ್ನಾಗಿದೆ,” ಎಂದಳು. ಕಾಂಚನಾ ನನ್ನ ಕಡೆ ಕಣ್ಣು ಮಿಟುಕಿಸಿದಳು, ಹೇಳಿದ್ದೆನಲ್ಲ ಎನ್ನುವ ಹಾಗೆ.

ಸೋಫಾದ ನಡುವೆ ನನ್ನನ್ನು ಕೂರಿಸಿದರು. ಎದುರಿನ ಕುರ್ಚಿಗಳಲ್ಲಿ ಅವರು ಮೂವರು. ತಟ್ಟೆಗಳು ಬಂದವು, ನನ್ನದೇ ಉಪ್ಪಿಟ್ಟು, ನನ್ನದೇ ಕೇಸರಿಬಾತು. ಕೃಷ್ಣಮೂರ್ತಿ ಒಂದು ಚಮಚ ಬಾಯಿಗಿಟ್ಟು ತಲೆ ಅಲ್ಲಾಡಿಸಿದರು.

“ತುಪ್ಪ ಬಿಟ್ಟಿದೆ, ಆದ್ರೆ ಕೈಗೆ ಅಂಟೋದಿಲ್ಲ. ಎಲ್ಲಿ ಕಲಿತಿದ್ದು?”

“ಮನೇಲೇ,” ಎಂದೆ.

“ಬಿ.ಪಿ., ಶುಗರ್ ಏನಾದ್ರೂ?”

“ಎರಡೂ ಇಲ್ಲ ಅಂಕಲ್,” ಎಂದ ಬಸವರಾಜ. ಮನೆಯಲ್ಲಿ ಉಪ್ಪು ಬೇಕೆಂದರೂ ಬಾಯಿ ಬಿಡದವನು ಅವತ್ತು ಮಾತಾಡಿದ. “ನಮ್ಗಿಂತ ಹೆಲ್ದಿ.”

“ರಾತ್ರಿ ನಿದ್ದೆ ಹೇಗೆ? ಮಗು ಅತ್ರೆ ಎಚ್ಚರ ಆಗುತ್ತಾ?”

“ಇರಾ ಚಿಕ್ಕವಳಿದ್ದಾಗ ಒಂದ್ ಸಲಾನೂ ನಾನು ಎದ್ದಿಲ್ಲ ಗೊತ್ತಾ?” ಎಂದಳು ಕಾಂಚನಾ. “ದೊಡ್ಡಮ್ಮಾನೇ ಎಲ್ಲಾ. ಇವಳು ಹೊಟ್ಟೆನೋವು ಅಂತ ಅತ್ತಿದ್ದಾ, ಹಸಿವು ಅಂತ ಅತ್ತಿದ್ದಾ, ಪಕ್ಕದ ರೂಮಿಂದ್ಲೇ ಹೇಳೋರು.”

ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಸಂಹಿತಾ ಎತ್ತಿ ತಂದು ನೇರವಾಗಿ ನನ್ನ ಮಡಿಲಿಗೆ ಹಾಕಿದಳು. ಇಶಾನ್ ಅಂತೆ ಹೆಸರು. ತಲೆಯಲ್ಲಿ ಎಳೆಗೂದಲು, ಹಾಲಿನ ವಾಸನೆ. ಕೂಸು ಕೈಗೆ ಬಂದರೆ ಕೈ ತಾನೇ ತೊಟ್ಟಿಲಾಗುತ್ತದೆ. ಅದಕ್ಕೆ ನಾನೇನು ಮಾಡಲಿ? ಗುನುಗಿದೆ. ಸುಮ್ಮನಾಯಿತು. ಎದುರಿನ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹಾಡೂ ಬರುತ್ತೆ,” ಎಂದರು ಕೃಷ್ಣಮೂರ್ತಿ.

ಹೊರಡುವ ಮೊದಲು ಸಂಹಿತಾ ಮನೆ ತೋರಿಸಿದಳು. ಚಿಕ್ಕ ಕೋಣೆಯೊಂದರ ಬಾಗಿಲು ತೆಗೆದು, “ಇಲ್ಲಿಂದ ನದಿ ಕಾಣುತ್ತೆ ಆಂಟಿ. ಹೀಟರ್ ಹೊಸದು. ನಿಮಗೆ ಚಳಿ ಆಗಲ್ಲ,” ಎಂದಳು. ನನಗೆ ಯಾಕೆ ಚಳಿಯಾಗಬೇಕು ಎಂದು ಅರ್ಥವಾಗದೆ ತಲೆಯಾಡಿಸಿದೆ. ಡಬ್ಬಿ ಕೇಳಿದರೆ, “ಖಾಲಿ ಡಬ್ಬಿ ಹೇಗ್ ಕೊಡೋದು? ತೊಳೆದು ತುಂಬಿಸಿ ಇಟ್ಟಿರ್ತೀನಿ. ಹೇಗೂ ಬರ್ತೀರಲ್ಲ,” ಎಂದು ನಕ್ಕಳು.

ನಾನು ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದೆ. ನನ್ನ ತಲೆಯ ಮೇಲುಗಡೆ ಕೃಷ್ಣಮೂರ್ತಿ ಬಸವರಾಜನ ಕೈ ಹಿಡಿದುಕೊಂಡು ಮೆತ್ತಗೆ ಹೇಳಿದರು.

“ನಾವು ಕೂತು ಮಾತಾಡಿಕೊಂಡು ತಿಳಿಸ್ತೀವಿ.”

ದಾರ ನನ್ನ ಬೆರಳಲ್ಲೇ ನಿಂತಿತು.

ಈ ಮಾತನ್ನು ನಾನು ಒಮ್ಮೆ ಕೇಳಿದ್ದೆ. ಭದ್ರಾವತಿಯಲ್ಲಿ ಒಂದು ಮಧ್ಯಾಹ್ನ ಅಮ್ಮ ನನಗೆ ಹೊಸ ಲಂಗ ಉಡಿಸಿ, ಪಕ್ಕದ ಕ್ವಾರ್ಟರ್ಸಿಗೆ ಮಜ್ಜಿಗೆ ಕೊಟ್ಟು ಬಾ ಎಂದು ಕಳಿಸಿದ್ದಳು. ಅಲ್ಲಿ ಯಾರೋ ನೆಂಟರು ಸಾಲಾಗಿ ಕೂತಿದ್ದರು. ಕೂತ್ಕೋ ಎಂದರು. ಹೆಸರೇನು, ಅಡುಗೆ ಬರುತ್ತಾ, ಒಂದು ಹಾಡು ಹೇಳು, ಆ ಚೊಂಬು ಇಲ್ಲಿ ತಾ. ನಾನು ತಂದುಕೊಟ್ಟೆ. ಕಾಲು ಸೊಟ್ಟ ಇದೆಯೋ ಎಂದು ನೋಡಲು ಹಾಗೆ ನಡೆಸುತ್ತಾರೆಂದು ನನಗೇನು ಗೊತ್ತು? ಹೊರಡುವಾಗ ಅವರಲ್ಲಿ ಹಿರಿಯರು ನಮ್ಮ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದ್ದರು: ಮನೆಗೆ ಹೋಗಿ ಮಾತಾಡಿಕೊಂಡು ತಿಳಿಸ್ತೀವಿ. ಆಮೇಲೆ ಅಮ್ಮ ಹೇಳಿದ್ದು: “ಮೊದಲೇ ಹೇಳಿದ್ರೆ, ನಾಳೆ ಅವರು ಬೇಡ ಅಂದ್ರೆ ನಿನ್ನ ಮನಸ್ಸು ನೋಯುತ್ತೆ, ಅದಕ್ಕೇ ಹೇಳಲಿಲ್ಲ.”

ಉಪ್ಪಿಟ್ಟು, ಕೇಸರಿಬಾತು, ರೇಷ್ಮೆ ಸೀರೆ, ಮೆಟ್ಟಿಲು, ಹಾಡು. ನನ್ನನ್ನು ನೋಡಲು ಕರೆತಂದಿದ್ದರು. ನೋಡುವವರಿಗೆ ತಿಂಡಿಯನ್ನು ನನ್ನ ಕೈಯಲ್ಲೇ ಮಾಡಿಸಿ, ನನ್ನ ಕೈಯಲ್ಲೇ ಹೊರಿಸಿದ್ದರು.

ನದಿಯ ದಂಡೆಯಲ್ಲಿ ನಡೆಯುವಾಗ ನೀರೂ ಹಿಮವೂ ಬೆರೆತ ಮಳೆ ಶುರುವಾಗಿತ್ತು. ಬಸವರಾಜ, ಇರಾ ಇಬ್ಬರೂ ಮುಂದಿದ್ದರು.

“ಕಾಂಚನಾ, ನನ್ನನ್ನ ಯಾಕೆ ನೋಡಿದ್ರು ಅವರು?” ಎಂದೆ.

ಅವಳು ಕೋಟಿನ ಕಾಲರು ಮೇಲೆತ್ತಿಕೊಂಡಳು. “ಇವತ್ತು ರಾತ್ರಿ ಹೇಳೋಣ ಅಂತಿದ್ದೆ ದೊಡ್ಡಮ್ಮ.”

“ಈಗ ಹೇಳು.”

“ಅಂಕಲ್ ವೀಸಾ ಮುಗೀತಾ ಬಂತು. ಸಂಹಿತಾ ಥೀಸಿಸ್ ಹಾಗೇ ನಿಂತಿದೆ, ಡೇಕೇರಿಗೆ ಹಾಕೋಕೆ ಮಗು ಇನ್ನೂ ತೀರಾ ಚಿಕ್ಕದು. ತುಂಬಾ ಒಳ್ಳೆ ಜನ. ನಿಮ್ಮನ್ನ ಅಮ್ಮನ್ ತರ ನೋಡ್ಕೋತಾರೆ. ನಿಮ್ಗೂ ಮಕ್ಕಳು ಅಂದ್ರೆ ಇಷ್ಟ. ಇರಾ ದೊಡ್ಡವಳಾದ್ಲು, ಮನೇಲಿ ನಿಮ್ಗೂ ಬೋರು. ನಾವೇನ್ ದೂರಾನಾ? ವೀಕೆಂಡ್ ಬಂದ್ ಹೋಗ್ತೀವಿ.”

“ನನಗೆ ಯಾಕೆ ಮೊದಲೇ ಹೇಳಲಿಲ್ಲ?”

“ಅವರು ಬೇಡ ಅಂದ್ಬಿಟ್ರೆ? ನಿಮ್ಗೆ ಬೇಜಾರಾಗಲ್ವಾ?”

ನನ್ನ ಅಮ್ಮನ ಮಾತು ಅವಳ ಬಾಯಲ್ಲಿ ಹಾಗೆಯೇ ಬಂತು. ಅಮ್ಮನನ್ನು ಅವಳು ಕಂಡವಳೂ ಅಲ್ಲ.

ಮುಂದೆ ಹೋಗುತ್ತಿದ್ದ ಇರಾ ನಿಂತು ತಿರುಗಿ ನೋಡಿದಳು. ನಾನು ಅವಳನ್ನು ಕೇಳಿದೆ, “ಟೇಪು ಹಿಡಿದು ಅಳೆದದ್ದು ಶಾಲೆಗಾ ಪುಟ್ಟಾ?”

ಇರಾ ತಾಯಿಯ ಮುಖ ನೋಡಿದಳು. ಆಮೇಲೆ ಬೂಟಿನ ತುದಿ ನೋಡುತ್ತ ಸ್ವೀಡಿಷಿನಲ್ಲಿ ಹೇಳಿದಳು, “ನನ್ನ ಮೇಜಿಗೆ. ಹೇಳಬಾರದು ಅಂತ ಅಮ್ಮ ಅಂದಿದ್ದಳು.”

ಆ ಎರಡು ಮಾತು ನನ್ನನ್ನು ಕೊರೆದಷ್ಟು ಚಳಿ ಕೊರೆಯಲಿಲ್ಲ. ದೊಡ್ಡವರದು ಹೇಗೋ ತಡೆಯಬಹುದು. ಹಲ್ಲು ಬಿದ್ದರೂ, ಶಾಲೆಯಲ್ಲಿ ಯಾರೋ ತಳ್ಳಿದರೂ ಮೊದಲು ನನ್ನ ಕಿವಿಗೆ ಬಂದು ಹೇಳುತ್ತಿದ್ದ ಮಗು ಒಂದು ವಾರದಿಂದ ನನ್ನ ಪಕ್ಕದಲ್ಲೇ ಮಲಗಿ ಇದನ್ನು ಬಾಯೊಳಗೆ ಇಟ್ಟುಕೊಂಡಿತ್ತು.

ಕಾಂಚನಾಳ ಫೋನು ಸದ್ದು ಮಾಡಿತು. ಓದಿದಳು. ಅವಳಿಗೇ ತಿಳಿಯದ ಹಾಗೆ ಮುಖ ಅರಳಿತು. “ದೊಡ್ಡಮ್ಮ, ಅವರು ಒಪ್ಪಿದಾರೆ.”

“ಹೌದಾ,” ಎಂದೆ. “ನನ್ನ ಡಬ್ಬಿ ಅಲ್ಲೇ ಉಳೀತು. ತಗೊಂಡು ಬರ್ತೀನಿ.”

“ಅಯ್ಯೋ ಡಬ್ಬಿ ಬಿಡಿ. ಬಸ್ಸಿಗೆ ಟೈಮಾಯ್ತು.”

“ನೀವು ನಡೀರಿ. ನನಗೆ ದಾರಿ ಗೊತ್ತು.”

ಮತ್ತೆ ಮೂರು ಮಹಡಿ. ಈ ಸಲ ಹಿಂದೆ ನೋಡುವವರು ಯಾರೂ ಇರಲಿಲ್ಲ. ನಡುನಡುವೆ ನಿಂತು, ಕಂಬಿ ಹಿಡಿದು, ಮಂಡಿ ಒತ್ತಿಕೊಂಡು ಹತ್ತಿದೆ.

ಸಂಹಿತಾ ಬಾಗಿಲು ತೆಗೆದಳು. ಹೆಗಲ ಮೇಲೆ ಕೂಸು. “ಆಂಟಿ? ಕಾಂಚನಾಗೆ ಈಗ್ಲೇ ಮೆಸೇಜ್ ಮಾಡ್ದೆ. ನೋಡಿದ್ರಾ?”

“ನೋಡಿದೆ ಮಗಳೇ. ನನ್ನ ಡಬ್ಬಿ ಕೊಡು. ಖಾಲೀದೇ ಪರವಾಗಿಲ್ಲ.”

ಅವಳ ನಗು ಹಾಗೇ ನಿಂತಿತು. “ಯಾಕೆ? ಏನಾದ್ರೂ ತಪ್ಪಾಯ್ತಾ? ಮಾವ ಅದು ಇದು ಕೇಳಿದ್ದು ಬೇಜಾರಾಯ್ತಾ?”

“ಅವರದೇನಿಲ್ಲ. ನಾನು ಇಲ್ಲಿಗೆ ಬಂದಿದ್ದು ಚರ್ಚು ನೋಡೋಕೆ ಅಂತ. ಈ ವಿಷಯ ನನಗೆ ಗೊತ್ತಾಗಿದ್ದು ಈಗ, ಹೊಳೆ ದಂಡೇಲಿ.”

ಸಂಹಿತಾ ಮಗುವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿದಳು.

“ಆದ್ರೆ ಆಂಟಿ... ಕೇಳ್ಕೊಂಡಿದ್ದು ನೀವೇ ಅಲ್ವಾ? ಕಾಂಚನಾ ಹಾಗೇ ಹೇಳಿದ್ದು. ನಿಮ್ಗೆ ಆ ಮನೆ ಸಾಕಾಗಿದೆ, ಇರಾ ಜೊತೆ ಈಗ ಹೊಂದಾಣಿಕೆ ಆಗ್ತಿಲ್ಲ, ಬೇರೆ ಎಲ್ಲಾದ್ರೂ ಚಿಕ್ಕ ಮಗು ಇರೋ ಮನೆ ನೋಡು ಅಂತ ನೀವೇ ಅಂದ್ರಿ ಅಂತ. ಇಲ್ಲಾಂದ್ರೆ ನಾವು... ನಾನು ಹಾಗೆಲ್ಲ ನಿಮ್ಮನ್ನ ಕೂರಿಸಿ ಕೇಳ್ತಿದ್ನಾ?”

ಒಳಗಿನ ಕೋಣೆಯಲ್ಲಿ ಕೃಷ್ಣಮೂರ್ತಿ ಕೆಮ್ಮಿದರು. ಹೊರಗೆ ಬರಲಿಲ್ಲ.

ಇರಾ ಜೊತೆ ಹೊಂದಾಣಿಕೆ ಇಲ್ಲ. ಹೆಣ್ಣಿನ ಕಡೆಯವರು ಹೆಣ್ಣನ್ನು ಹೊಗಳುವುದು ಗೊತ್ತಿತ್ತು. ಹೆಣ್ಣಿನ ಬಾಯಲ್ಲಿ ಇಲ್ಲದ ಮಾತು ಇಟ್ಟು, ಅವಳೇ ಮನೆ ಬಿಡಲು ಕಾದಿದ್ದಾಳೆ ಎಂದು ಹೇಳಿ ಸಾಗಹಾಕುವುದು ನನಗೆ ಹೊಸದು. ನನ್ನ ಅಮ್ಮ ಅಷ್ಟು ಮಾಡಿರಲಿಲ್ಲ.

“ನೀನು ನೇರವಾಗಿ ನನ್ನನ್ನೇ ಕೇಳಿದ್ದರೆ ನಾನು ಹೂಂ ಅಂತಿದ್ದೆನೋ ಏನೋ,” ಎಂದೆ. ಅದು ಸಮಾಧಾನಕ್ಕೆ ಹೇಳಿದ್ದಲ್ಲ. ಕೂಸು ಕೈಗೆ ಬಂದಾಗ ನನಗೆ ಹಾಗೇ ಅನ್ನಿಸಿತ್ತು.

ಅವಳ ಕಣ್ಣಲ್ಲಿ ನೀರು ಬಂತು. ಪಾಪ, ಅವಳದೇನು ತಪ್ಪು? ಒಳಗೆ ಹೋಗಿ ಡಬ್ಬಿ ತಂದಳು. ಖಾಲಿ ಕೊಡಲು ಮನಸ್ಸು ಬಾರದೆ, ಅವಸರದಲ್ಲಿ ಕೈಗೆ ಸಿಕ್ಕ ಸಕ್ಕರೆಯನ್ನು ಅದರೊಳಗೆ ಸುರಿದಿದ್ದಳು. ಇಶಾನನ ಪಾದ ಮುಟ್ಟಿ ಇಳಿದೆ.

ಸ್ಟೇಷನ್ನಿನ ಬಳಿ ಬಸ್ಸು ನಿಂತಿತ್ತು, ಒಳಗೆ ದೀಪ ಹಚ್ಚಿದ್ದರು. ಬಾಗಿಲಲ್ಲಿ ಶೇಷಾದ್ರಿ ತಲೆ ಎಣಿಸುತ್ತಿದ್ದರು. “ಬನ್ನಿ ವೇದಮ್ಮನೋರೇ. ಎಲ್ಲಿ ಹೋಗಿದ್ರಿ, ರಾಜನ ಗೋರಿಗೆ ಎಡೆ ಇಡೋಕಾ?”

“ನನ್ನನ್ನ ಎಣಿಸಬೇಡಿ ಶೇಷಾದ್ರಿಗಳೇ. ನಾನು ರೈಲಲ್ಲಿ ಹೋಗ್ತೀನಿ. ಸ್ಯಾಂಡ್‌ವಿಕೆನ್ನಿಗೆ.”

ಕಾಂಚನಾ ಇಳಿದು ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

“ಏನಿದು ದೊಡ್ಡಮ್ಮ, ಎಲ್ಲರ ಮುಂದೆ? ಜನ ಏನ್ ಅಂದ್ಕೋತಾರೆ?”

“ಸಂಹಿತಾ ಹೇಳಿದ್ಲು. ಇರಾ ಜೊತೆ ನನಗೆ ಹೊಂದಾಣಿಕೆ ಇಲ್ಲವಂತೆ.”

ಅವಳ ಕೈ ಸಡಿಲವಾಯಿತು. ಹಿಮದ ನೀರು ಅವಳ ಕನ್ನಡಕದ ಮೇಲೆ ಹನಿಯಾಗಿ ನಿಂತಿತ್ತು. ಒರೆಸಿಕೊಳ್ಳಲಿಲ್ಲ.

“ನಿಮ್ಮನ್ನ ಕಳಿಸ್ತಿರೋದು ನಾವು ಅಂತ ಹೇಗ್ ಹೇಳ್ಲಿ?” ಎಂದಳು. “ಎಷ್ಟ್ ಕೆಟ್ಟದಾಗಿ ಕಾಣುತ್ತೆ.”

ಅಷ್ಟೇ ಇದ್ದದ್ದು ಅದರಲ್ಲಿ. ಕೆಟ್ಟದಾಗಿ ಕಾಣಬಾರದು. ಅದಕ್ಕಾಗಿ ರೇಷ್ಮೆ ಸೀರೆ ನನಗೆ ಉಡಿಸಿದ್ದಳು.

“ಈಗ ಅವರಿಗೆ ಏನ್ ಹೇಳ್ಲಿ?” ಎಂದಳು.

“ಹೆಣ್ಣಿಗೆ ಒಪ್ಪಿಗೆ ಆಗಲಿಲ್ಲ ಅನ್ನು.”

ಬಸ್ಸಿನ ಕಿಟಕಿಯಲ್ಲಿ ಇರಾ ಕಂಡಳು, ಗಾಜಿಗೆ ಹಣೆ ಒತ್ತಿದ್ದಳು. ನಾನು ಕೈ ಎತ್ತಿದೆ. ಅವಳು ಎತ್ತಲಿಲ್ಲ. ಬೀಸಬೇಕೋ ಬೇಡವೋ ಎಂದು ಕೇಳಲು ತಾಯಿ ಅವಳ ಪಕ್ಕದಲ್ಲಿ ಇರಲಿಲ್ಲ.

ಸ್ಟೇಷನ್ನಿನ ಒಳಗಿನ ಬೆಂಚಿನಿಂದ ಗುನ್ವೋರಳಿಗೆ ಫೋನು ಮಾಡಿದೆ.

“ಮನೇಲಿದ್ದೀಯಾ?”

“ಈ ಹವೆಗೆ ಇನ್ನೆಲ್ಲಿ ಇರ್ತೀನಿ?”

“ಇವತ್ತು ಬರಲಾ?”

ಹಿಂದೆ ಕೇಳಿಸುತ್ತಿದ್ದ ಅವಳ ರೇಡಿಯೋ ನಿಂತಿತು. “ಸ್ಟೇಷನ್ನಿಗೆ ಬರ್ತೀನಿ. ತಲೆಗೆ ಟೋಪಿ ಹಾಕಿದ್ದೀಯಾ?” ಎಂದಳು. ಮನೆ ಬಿಡಬೇಡ ಎಂದು ಅವತ್ತು ಹೇಳಿದ್ದನ್ನು ಅವಳು ನೆನಪಿಸಲಿಲ್ಲ. ನೆನಪಿಸಿದ್ದರೆ ನಾನು ಅಲ್ಲೇ ಕೂತು ಅತ್ತುಬಿಡುತ್ತಿದ್ದೆ.

ಯೆವ್ಲೆ ಕಡೆಯ ರೈಲು ಹತ್ತಿದೆ. ಅಲ್ಲಿ ಬದಲಿಸಿದರೆ ಮುಂದೆ ಸ್ಯಾಂಡ್‌ವಿಕೆನ್. ಹೊರಗೆ ಆಗಲೇ ಕತ್ತಲು; ಈ ತಿಂಗಳಲ್ಲಿ ಮಧ್ಯಾಹ್ನವೇ ಮುಗಿದು ಹೋಗುತ್ತದೆ. ಕೋಟು ಬಿಚ್ಚಿದೆ. ಕಿಟಕಿಯ ಗಾಜಿನಲ್ಲಿ ಮಾವಿನಹಣ್ಣಿನ ಬಣ್ಣದ ಮುದುಕಿಯೊಬ್ಬಳು ನನ್ನನ್ನು ನೋಡುತ್ತಿದ್ದಳು. ಮತ್ತೆ ಕೋಟು ಹಾಕಿಕೊಂಡೆ.

ಫೋನು ಬಂತು. ಕಾಂಚನಾ ಎಂದು ತೋರಿಸಿತು, ಎತ್ತುವುದೋ ಬೇಡವೋ ಎಂದು ನೋಡುತ್ತಿದ್ದೆ. ಎತ್ತಿದರೆ ಇರಾ. ಹಿಂದೆ ಬಸ್ಸಿನ ಸದ್ದು. ಯಾರೂ ಹಾಡುತ್ತಿರಲಿಲ್ಲ, ಶೇಷಾದ್ರಿಯವರ ಮೈಕೂ ಇಲ್ಲ.

“ದೊಡ್ಡಜ್ಜಿ,” ಎಂದಳು. ಆಮೇಲೆ ಸ್ವೀಡಿಷಿನಲ್ಲಿ, “ನನ್ನ ಮೇಲೂ ಕೋಪ ಬಂದಿದೆಯಾ?”

ಇಲ್ಲ ಎನ್ನುವುದು ಸುಲಭವಿತ್ತು. ಆದರೆ ಅವತ್ತು ಬೆಳಗಿನಿಂದ ಎಲ್ಲರೂ ಸುಲಭವಾದದ್ದನ್ನೇ ಹೇಳಿದ್ದರು.

“ಬಂದಿದೆ,” ಎಂದೆ. “ಸ್ವಲ್ಪ ದಿನ ಇರುತ್ತೆ.”

ಅವಳು ಮೂಗು ಎಳೆದುಕೊಂಡಳು. ನಾನು ಕಾದೆ. ಮಕ್ಕಳ ಜೊತೆ ಕಾಯುವುದು ನನಗೆ ರೂಢಿ.

“ವಾಪಸ್ ಬರ್ತೀಯಾ?” ಈ ಸಲ ಕನ್ನಡದಲ್ಲಿ ಕೇಳಿದಳು.

“ಗೊತ್ತಿಲ್ಲ ಪುಟ್ಟಾ. ಆ ಮೇಜಿಗೆ ಅಳತೆ ಸರಿಯಾಗಿ ತಗೊಂಡಿದ್ದೀಯಾ?”

“ಹೂಂ.”

“ಅದನ್ನ ಕಿಟಕಿ ಕಡೆಗೆ ಹಾಕಿಸ್ಕೋ. ಗೋಡೆ ಕಡೆ ಹಾಕಿದ್ರೆ ನಿನ್ನ ನೆರಳೇ ಪುಸ್ತಕದ ಮೇಲೆ ಬೀಳುತ್ತೆ.”

ಅವಳು ಏನೋ ಹೇಳಿದಳು, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ. ಮತ್ತೆ ಕೇಳುವಷ್ಟರಲ್ಲಿ ಫೋನು ಕೈ ಬದಲಾಯಿಸಿದ ಹಾಗಾಯಿತು. ನಾನೇ ಇಟ್ಟುಬಿಟ್ಟೆ.

ಯೆವ್ಲೆ ಬಂತೆಂದು ಹೇಳಿದರು. ಎದ್ದು ನಿಂತು ಡಬ್ಬಿ ಎತ್ತಿಕೊಂಡೆ. ಒಳಗೆ ಸಕ್ಕರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದ ಸದ್ದಾಯಿತು.